ಗೊರಕೆ, ಉಸಿರು ಮತ್ತು ಬಾಯಿಯ ಅಚ್ಚು

ಗೊರಕೆಯೆಂದರೆ ಗಾಢನಿದ್ರೆಯ ಲಕ್ಷಣವೆಂದು ನಂಬಿದವರಲ್ಲಿ ನಾನೂ ಒಬ್ಬ. ಮನೆಯವರು ಕುಂಭಕರ್ಣನೆಂದು ನಗುತ್ತಿದ್ದರು. ಆದರೆ ಒಮ್ಮೆ ಧಾರವಾಡದಿಂದ ಪುಣೆಗೆ ಮರಳುವಾಗ, ಖಂಬಾಟಕಿ ಘಾಟಿನ ಸಮೀಪ, ಕಾರು ನಡೆಸುತ್ತಿದ್ದಂತೆಯೇ ನನಗೆ ಕಣ್ಣು ಮುಚ್ಚಿತು. ಹಿಂದಿನ ಆಸನದಲ್ಲಿದ್ದ ಮಗಳು ಚೀರಿದ್ದರಿಂದ ಬದುಕಿದೆವು. ಹಿಂದಿನ ರಾತ್ರಿ ಎಂಟು ತಾಸು ಮಲಗಿದ್ದೆನೆಂಬುದೇ ಸೋಜಿಗ.

ಇದಕ್ಕೆ ವೈದ್ಯರು ‘ಸ್ಲೀಪ್ ಆಪ್ನಿಯಾ’ ಎನ್ನುತ್ತಾರೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಗೆ ಹಿಂದಕ್ಕೆ ಜಾರಿ ಶ್ವಾಸಮಾರ್ಗವನ್ನು ಮುಚ್ಚುತ್ತದೆ. ಉಸಿರು ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಅರೆಕ್ಷಣ ಎಚ್ಚತ್ತು ಉಸಿರೆಳೆಸುತ್ತದೆ. ಮಲಗಿದವನಿಗೆ ಇದರ ಅರಿವೇ ಇರದು. “ಏಳ್ರೀ, ಉಸಿರು ನಿಂತೈತಿ” ಎಂದು ಶ್ರೀಮತಿಯವರು ಅಲುಗಿಸಿದಾಗಲೆಲ್ಲ ನಾನು ಸಿಡುಕಿದ್ದುಂಟು! ಗಂಟೆಗೆ 5ರಿಂದ 15 ಬಾರಿ ಇಂತಹ ಅಡಚಣೆಯಾದರೆ ಸೌಮ್ಯ, 30ರವರೆಗೆ ಮಧ್ಯಮ, ಅದನ್ನು ಮೀರಿದರೆ ತೀವ್ರ. ರಾತ್ರಿಯಿಡೀ ನಡೆದ ಪರೀಕ್ಷೆಯಲ್ಲಿ ನನ್ನದು 22 ಎಂದು ತಿಳಿಯಿತು. ರಕ್ತದೊತ್ತಡ ಹಿಡಿತಕ್ಕೆ ಬಾರದಿದ್ದುದಕ್ಕೂ ಇದೇ ಕಾರಣವಿರಬಹುದೆಂದು ವೈದ್ಯರು ತಿಳಿಸಿದರು.

1981ರಲ್ಲಿ ಆಸ್ಟ್ರೇಲಿಯದ ಡಾ. ಕಾಲಿನ್ ಸಲಿವನ್ ಅವರು ಪ್ರಕಟಿಸಿದ, ಮುಖವಾಡದ ಮೂಲಕ ಗಾಳಿಯನ್ನು ಒತ್ತುವ ಸಿಪ್ಯಾಪ್ ಯಂತ್ರವೇ ತೀವ್ರ ವ್ಯಾಧಿಗೆ ಇಂದಿಗೂ ಪ್ರಧಾನ ಚಿಕಿತ್ಸೆ. ನನಗದು ಒಗ್ಗಲಿಲ್ಲ. ನಡುರಾತ್ರಿಯೊಳಗೆ ಮುಖವಾಡ ಕಿತ್ತು ನೆಲಕ್ಕೆ ಬಿದ್ದಿರುತ್ತಿತ್ತು. ಆಗ ದಂತವೈದ್ಯರು ಮೇಲಿನ ಹಾಗೂ ಕೆಳಗಿನ ಹಲ್ಲುಗಳ ಅಳತೆ ತೆಗೆದು ಎರಡು ಅಚ್ಚುಗಳನ್ನು ಮಾಡಿಸಿಕೊಟ್ಟರು. ಇವು ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುತ್ತವೆ. ದವಡೆಯೊಡನೆ ನಾಲಗೆಯೂ ಮುಂದೆ ಬಂದು ಶ್ವಾಸಮಾರ್ಗ ತೆರೆಯುತ್ತದೆ.

ಮೊದಲ ವಾರ ಸುಖಕರವಾಗಿರಲಿಲ್ಲವೆಂಬುದನ್ನು ಮುಚ್ಚಿಡಲಾರೆ. ಜೊಲ್ಲು ಸುರಿದು ದಿಂಬು ಒದ್ದೆ. ಕಿವಿಯ ಮುಂದಿನ ಕೀಲಿನಲ್ಲಿ ನೋವು. ಬೆಳಿಗ್ಗೆ ದವಡೆಹಲ್ಲುಗಳು ಒಂದಕ್ಕೊಂದು ಕೂಡುತ್ತಲೇ ಇರಲಿಲ್ಲವಾಗಿ, ಜೋಳದ ರೊಟ್ಟಿ ಅಗಿಯಲು ಅರ್ಧ ತಾಸು ಕಾಯಬೇಕಾಗುತ್ತಿತ್ತು. ದವಡೆಯನ್ನು ಒಮ್ಮೆಲೇ ಎಳೆಯದೆ, ಸಣ್ಣ ತಿರುಪಿನಿಂದ ವಾರವಾರವೂ ಕೂದಲೆಳೆಯಷ್ಟು ಮುಂದೆ ಸರಿಸಿದ ಮೇಲೆ ನೋವು ತಗ್ಗಿತು. ಬೆಳಗಿನ ತಲೆನೋವು ಮಾಯವಾದುದು ಮೊದಲ ಲಾಭ.

ಎಲ್ಲರ ಅನುಭವವೂ ಹೀಗೆಯೇ ಇರುವುದಿಲ್ಲ. ನಮ್ಮ ಬಡಾವಣೆಯ ನಿವೃತ್ತ ಶಿಕ್ಷಕರೊಬ್ಬರಿಗೆ ಅಚ್ಚನ್ನು ಹಿಡಿದಿಡುವಷ್ಟು ಸ್ವಂತ ಹಲ್ಲುಗಳೇ ಇರಲಿಲ್ಲ. ಇನ್ನೊಬ್ಬರಿಗೆ ಕೆಲವು ವರ್ಷಗಳ ಬಳಕೆಯ ನಂತರ ಮುಂಬಲ್ಲುಗಳ ಜೋಡಣೆಯೇ ಬದಲಾಯಿತು. ಸಹೋದ್ಯೋಗಿಯೊಬ್ಬರು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚುವ ಅಗ್ಗದ ಸಿದ್ಧ ಅಚ್ಚನ್ನು ತರಿಸಿಕೊಂಡರು. ಗೊರಕೆ ನಿಂತಿತು, ಗುಣವಾಯಿತೆಂದು ಸಂತೋಷಪಟ್ಟರು. ಮರುಪರೀಕ್ಷೆಯಲ್ಲಿ ಉಸಿರಿನ ನಿಲುಗಡೆ ಹಾಗೆಯೇ ಉಳಿದಿತ್ತು. ಲೆಡ್ಜರು ಚೊಕ್ಕವಾಗಿದೆಯೆಂದು ತಿಜೋರಿಯ ನಗದನ್ನು ಎಣಿಸದೆ ಬಿಡುವ ಅಧಿಕಾರಿಯುಂಟೇ? ಆದ್ದರಿಂದ ಅಚ್ಚನ್ನು ಧರಿಸಿಯೇ ಮತ್ತೊಮ್ಮೆ ನಿದ್ರಾಪರೀಕ್ಷೆ ಮಾಡಿಸುವುದು ಅಗತ್ಯ.

ನನ್ನ ಮರುಪರೀಕ್ಷೆಯಲ್ಲಿ 22 ಇದ್ದುದು 6ಕ್ಕೆ ಇಳಿದಿತ್ತು. ಆ ವರದಿ ಕೈಸೇರುವವರೆಗೆ ಕಾರಿನ ಕೀಲಿಕೈ ಶ್ರೀಮತಿಯವರ ವಶದಲ್ಲಿಯೇ ಇತ್ತು. ಈಗಲೂ ಆರು ತಿಂಗಳಿಗೊಮ್ಮೆ ದಂತವೈದ್ಯರಲ್ಲಿಗೆ ಹೋಗಿ ಹಲ್ಲುಗಳ ಜೋಡಣೆಯನ್ನು ತೋರಿಸಿ ಬರುತ್ತೇನೆ. ಅಚ್ಚನ್ನು ಪ್ರತಿ ಬೆಳಿಗ್ಗೆ ತಣ್ಣೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು ಡಬ್ಬಿಯಲ್ಲಿಡಬೇಕು. ಬಿಸಿನೀರು ತಗುಲಿದರೆ ಆಕಾರ ಕೆಡುತ್ತದೆ.