ಸೆರಗು ತಿರುವಿ ನೋಡಿ, ಆಮೇಲೆ ರೊಕ್ಕ ಎಣಿಸಿ!

ತಂಗಿಯ ಕುಬಸಕ್ಕೆಂದು ಹೋದ ತಿಂಗಳು ಪೇಟೆಯಲ್ಲಿ ಒಂದು ಇಳಕಲ್ ಸೀರೆ ಖರೀದಿಯಾಯಿತು. ಹಸಿರು ಒಡಲು, ಕೆಂಪು ದಡಿ, ಕೆಂಪು ಸೆರಗು. ಅಂಗಡಿಯಾತ ‘ಖಾಸಾ ಕೈಮಗ್ಗದ್ದು ನೋಡ್ರಿ’ ಎಂದು ಆಣೆ ಮಾಡಿದ. ಇಳಕಲ್ಲೇ ತವರಾದ ನಮ್ಮ ಓಣಿಯ ಅಜ್ಜಿ ಕನ್ನಡಕ ಏರಿಸಿ ಸೆರಗು ತಿರುವಿದಳು. ಅರ್ಧ ನಿಮಿಷವೂ ಆಗಿರಲಿಲ್ಲ.

‘ತಮ್ಮಾ, ಮೋಸ ಹೋದಿ. ಕೊಂಡಿ ಎಲ್ಲೈತಿ ಇದಕ್ಕ? ಕೆಂಪಿನೊಳಗ ಹಸಿರು ಇಣುಕಾಕತ್ತೈತಿ!’

ಸುದ್ದಿ ಬರೆಯುವವನೇ ಬೇಸ್ತು ಬಿದ್ದ ಮೇಲೆ ಉಳಿದವರ ಪಾಡೇನು? ಅದಕ್ಕೇ ಈ ಬರಹ.

ಅಜ್ಜಿ ಹೇಳಿದ ಕೊಂಡಿಯಲ್ಲೇ ಇಳಕಲ್ ಸೀರೆಯ ಜೀವ ಇದೆ. ಬೇರೆ ಸೀರೆಗಳಿಗೆ ಒಂದೇ ಉದ್ದನೆಯ ಹಾಸು ಹೂಡಿ, ಒಂದರ ಹಿಂದೊಂದು ನೇಯುತ್ತ ಹೋಗಬಹುದು. ಇಳಕಲ್ಲಿಗೆ ಆ ಸೌಕರ್ಯ ಇಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ದಡಿಯದು ಮತ್ತೂ ಬೇರೆ. ಒಡಲಿನ ಎಳೆಯನ್ನು ಸೆರಗಿನ ಎಳೆಯೊಳಗೆ ಕೊಂಡಿಯಂತೆ ಸಿಕ್ಕಿಸಿ ಜೋಡಿಸಬೇಕು. ಒಂದೆರಡಲ್ಲ, ಸೀರೆಯ ಅಗಲಕ್ಕೂ! ಒಂದು ಸೀರೆ ಮುಗಿದರೆ ಮುಂದಿನದಕ್ಕೆ ಮತ್ತೆ ಮೊದಲಿನಿಂದ. ಇಷ್ಟಾದ ಮೇಲೆ ನೇಕಾರ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಲಾಳಿ ಮೂರು. ಎರಡು ದಡಿಗೆ ಎರಡು, ಒಡಲಿಗೆ ಒಂದು. ಹಾಗಾಗಿಯೇ ದಡಿಯ ಬಣ್ಣ ಒಡಲಿಗೆ ಕಲೆಯದೆ ಗಟ್ಟಿಯಾಗಿ ನಿಲ್ಲುತ್ತದೆ.

ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ನಡುವೆ ಬಿಳಿ ಪಟ್ಟಿ ಬಂದರೆ ಅದೇ ತೋಪ ತೆನಿ ಸೆರಗು. ವಿದ್ಯುತ್ ಮಗ್ಗದ ನಕಲಿನಲ್ಲಿ ಒಡಲಿನ ಹಾಸೇ ಸೆರಗಿನ ತುದಿತನಕ ಓಡುತ್ತದೆ. ಮೇಲೆ ಕೆಂಪು ಹೊಕ್ಕು ಹೊಡೆದರೂ ಕೆಳಗಿನ ಹಸಿರು ಮುಚ್ಚುವುದಿಲ್ಲ. ಬೆಳಕಿಗೆ ಹಿಡಿದು, ಒಡಲು ಸೆರಗು ಕೂಡುವ ಜಾಗದಲ್ಲಿ ಸಣ್ಣ ಕೊಂಡಿಗಳ ಸಾಲು ಇದೆಯೋ ಹುಡುಕಿ.

ನೂಲಿನದೂ ಒಂದು ಮಾತು. ಹತ್ತಿ ಒಡಲಿಗೆ ರೇಷ್ಮೆ ಸೆರಗೂ ಉಂಟು, ಮಂದಿ ಚಮಕಾ ಎನ್ನುವ ಆರ್ಟ್ ಸಿಲ್ಕ್ ಸೆರಗೂ ಉಂಟು. ಚಮಕಾ ಅಂದರೆ ಕಳಪೆ ಅಂತಲ್ಲ, ಬಡವರಿಗೂ ಸೀರೆ ಎಟುಕಿಸಿದ್ದು ಅದೇ. ಆದರೆ ರೇಷ್ಮೆಯ ದರಕ್ಕೆ ಚಮಕಾ ಕೊಟ್ಟರೆ? ಸೆರಗಿನ ತುದಿಯಲ್ಲಿ ಉಳಿದ ಒಂದು ಎಳೆ ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಚಮಕಾ ಆದರೆ ಕಾಗದ ಸುಟ್ಟ ವಾಸನೆ. (ಅಂಗಡಿಯೊಳಗೆ ಈ ಪರೀಕ್ಷೆ ಬೇಡಿ, ಹೊಡೆತ ಬೀಳುತ್ತದೆ.)

ಕಾಯಿದೆ ಇಲ್ಲವೆಂದಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯಿದೆ 1985ರಲ್ಲಿ ಬಂತು, 1993ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. 2006ರಲ್ಲಿ ಕೈಮಗ್ಗದ ಮಾರ್ಕು ಬಂತು. ಇಳಕಲ್ ಸೀರೆಗೆ ಜಿ.ಐ. ನೋಂದಣಿಯೂ ಇದೆ. ಆದರೆ ಗಿರಾಕಿ ಕೇಳದಿದ್ದರೆ ಅಂಗಡಿಯಾತ ಮಾರ್ಕು ಯಾಕೆ ತೋರಿಸುತ್ತಾನೆ?

ವಿದ್ಯುತ್ ಮಗ್ಗದವನೂ ಹೊಟ್ಟೆಗೇ ದುಡಿಯುವವನು. ಅವನ ಸೀರೆ ಅವನ ಹೆಸರಿನಲ್ಲೇ ಮಾರಾಟವಾಗಲಿ, ಯಾರ ತಕರಾರೂ ಇಲ್ಲ. ಎರಡಕ್ಕೂ ಒಂದೇ ಹೆಸರಾದಾಗಲೇ ಪೆಟ್ಟು. ಕೈಮಗ್ಗದವನಿಗೆ ಕೂಲಿ ಸೀರೆಯ ಲೆಕ್ಕಕ್ಕೆ. ನೂಲು ಸುತ್ತುವ, ಕಂಡಿಕೆ ತುಂಬುವ ಹೆಂಡತಿ ಮಕ್ಕಳ ದುಡಿಮೆಯೂ ಬಹಳ ಕಡೆ ಅದರೊಳಗೇ ಮುಳುಗಿಹೋಗುತ್ತದೆ. ನಕಲು ದರ ಇಳಿಸಿದರೆ ಕೊಯ್ತ ಬೀಳುವುದು ಅಲ್ಲಿಗೇ.

ಮರುದಿನ ಅಂಗಡಿಗೆ ಹೋಗಿ ಕೇಳಿದೆ. ‘ಆ ರೇಟಿಗೆ ಕೈಮಗ್ಗದ್ದು ಎಲ್ಲಿ ಬರತೈತ್ರಿ?’ ಎಂದು ಆತನೇ ನನಗೆ ತಿರುಗಿ ಕೇಳಿದ. ನೀನೇ ಹೇಳಿದ್ದಲ್ಲವೋ ಎಂದು ಬಿಲ್ಲು ತೆಗೆದು ಹಿಡಿದೆ. ಅದರಲ್ಲಿ ಬರೆದದ್ದು ಇಷ್ಟೇ: ‘ಸೀರೆ - 1’.