ಗಿಡ ಗೊತ್ತಿದ್ದರೆ ವೈದ್ಯರಾಗಬಹುದೇ?

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಊರು. ಸೇತುವೆ ದಾಟಿದರೆ ಹೂವಿನಹಡಗಲಿ ತಾಲ್ಲೂಕು, ಇತ್ತ ತಿರುಗಿದರೆ ಕಪ್ಪತಗುಡ್ಡದ ಸೀಮೆ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸುತ್ತಿನ ಹಳ್ಳಿಗಳಲ್ಲಿ ಒಂದೆರಡು ಗಿಡದ ಔಷಧಿಯಾದರೂ ಗೊತ್ತಿಲ್ಲದ ಹಿರಿಯರು ಕಡಿಮೆ. ಕಾಮಣಿಗೆ ಎಲ್ಲಿ ಔಷಧಿ ಕೊಡುತ್ತಾರೆ, ಎಲುಬು ಮುರಿದರೆ ಎಲ್ಲಿ ಕಟ್ಟುತ್ತಾರೆ ಎಂಬುದು ಊರಿಗೆಲ್ಲ ಬಾಯಿಪಾಠ. ಇಂಥ ನೆಲದಲ್ಲಿ ಮಗನೋ ಮಗಳೋ ಆಯುರ್ವೇದ ಓದುತ್ತೇನೆ ಎಂದರೆ ಎರಡು ಬಗೆಯ ಮಾತು ಕೇಳಿಬರುತ್ತವೆ. "ಅದನ್ನೇನ್ ಓದೂದು, ಗಿಡ ಗುರುತು ಹಿಡಿಯಾಕ ಬಂದ್ರ ಆತು" ಎನ್ನುವುದು ಒಂದು. "ಎಂಬಿಬಿಎಸ್ ಸಿಗದವರು ಓದೂದು ಅದು" ಎನ್ನುವುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದು ರೋಗಿಯ ಜೀವಕ್ಕೆ ಕುತ್ತು ತರುವ ತಪ್ಪು, ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

"ಗಿಡ ಗೊತ್ತಿದ್ರ ಸಾಕು"

ಈ ಮಾತಿಗೆ ಉತ್ತರ ಚರಕ ಸಂಹಿತೆಯ ಮೊದಲ ಅಧ್ಯಾಯದಲ್ಲೇ ಇದೆ. ಕುರಿ, ಆಡು, ದನ ಕಾಯುವವರಿಗೆ ಮತ್ತು ಕಾಡಿನಲ್ಲಿ ಬಾಳುವವರಿಗೆ ಮೂಲಿಕೆಗಳ ಹೆಸರು, ರೂಪ ಚೆನ್ನಾಗಿ ಗೊತ್ತಿರುತ್ತದೆ ಎಂದು ಚರಕ ಗೌರವದಿಂದಲೇ ಒಪ್ಪುತ್ತಾನೆ. ಆದರೆ ಹೆಸರು, ರೂಪ ತಿಳಿದ ಮಾತ್ರಕ್ಕೆ ಬಳಕೆ ತಿಳಿದಂತಾಗುವುದಿಲ್ಲ. ದೇಶ, ಕಾಲ ಮತ್ತು ಎದುರಿಗಿರುವ ಮನುಷ್ಯನ ಸ್ಥಿತಿ ನೋಡಿ ಮದ್ದು ಕೂಡಿಸಬಲ್ಲವನೇ ವೈದ್ಯ ಎಂಬುದು ಅವನ ನಿಲುವು. ಕಪ್ಪತಗುಡ್ಡದ ಅಂಚಿನ ಕುರಿಗಾಹಿಗಳನ್ನು ಕಂಡವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಅವರ ತಿಳಿವಳಿಕೆ ದೊಡ್ಡದು, ಅದನ್ನು ಬರೆದಿಟ್ಟುಕೊಳ್ಳದಿದ್ದರೆ ನಮಗೇ ನಷ್ಟ. ಆದರೂ ಚಿಕಿತ್ಸೆ ಬೇರೆಯೇ ವಿದ್ಯೆ.

ಕಾಮಣಿಯನ್ನೇ ನೋಡಿ. ಕಣ್ಣು ಹಳದಿಯಾಗುವುದು ಒಂದು ಲಕ್ಷಣವೇ ಹೊರತು ಒಂದೇ ರೋಗವಲ್ಲ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಯಾವ ಸೊಪ್ಪಿನ ರಸ ಕುಡಿದಿದ್ದರೂ ಹೆಸರು ಆ ರಸಕ್ಕೇ ಬರುತ್ತದೆ. ಪಿತ್ತಕೋಶದ ಹರಳು ನಾಳಕ್ಕೆ ಅಡ್ಡ ಕುಳಿತಿದ್ದರೂ ಕಣ್ಣು ಹಳದಿಯಾಗುತ್ತದೆ, ಗಡ್ಡೆ ಬೆಳೆದಿದ್ದರೂ ಆಗುತ್ತದೆ, ಕುಡಿತದಿಂದ ಯಕೃತ್ತು ಕೆಟ್ಟಿದ್ದರೂ ಆಗುತ್ತದೆ. ಇವುಗಳಿಗೆ ರಸ ಕುಡಿಸಿ ಕಾಯುತ್ತ ಕೂತರೆ ಕಳೆದ ದಿನಗಳು ಮರಳಿ ಬರುವುದಿಲ್ಲ. ಆಯುರ್ವೇದ ಕಾಲೇಜಿನಲ್ಲಿ ರೋಗನಿದಾನ ಎಂಬ ವಿಷಯ ಕಲಿಸುವುದು ಇದಕ್ಕಾಗಿಯೇ. ಯಾವ ರೋಗಿಯನ್ನು ತಾನು ನೋಡಬೇಕು, ಯಾರನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬ ವಿವೇಕವೇ ಅಲ್ಲಿ ಕಲಿಯುವ ಮುಖ್ಯ ಪಾಠ ಎಂದು ನನ್ನ ನಂಬಿಕೆ.

ಗಿಡದ ಗುರುತೂ ನಾವು ತಿಳಿದಷ್ಟು ಸರಳವಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ನೋಡಲು ಅದರಂತೆಯೇ ಇರುವ, ಅದೇ ಕುಲದ ಬೇರೊಂದು ಬಳ್ಳಿ ವಿಷಕಾರಿಯಾಗಬಹುದು, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ ಎಂದು 2022ರಲ್ಲಿ ಆಯುಷ್ ಸಚಿವಾಲಯವೇ ಹೇಳಬೇಕಾಯಿತು. "ಗಿಡದ ಔಷಧಿಗೆ ಅಡ್ಡ ಪರಿಣಾಮ ಇಲ್ಲ" ಎಂಬ ನಂಬಿಕೆಯಂತೂ ಕಾನೂನಿನ ಮುಂದೆಯೂ ನಿಲ್ಲುವುದಿಲ್ಲ. ದೇಶದ ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯೇ ಇದೆ. ಎಕ್ಕೆ, ದತ್ತೂರಿ, ಗುಲಗಂಜಿ, ಕಣಗಿಲೆ, ಕಾಸರಕ, ಜೊತೆಗೆ ಪಾದರಸ, ಹರಿದಾಳ ಎಲ್ಲವೂ ಅದರಲ್ಲಿವೆ. ಹೊಟ್ಟೆಗೆ ತೆಗೆದುಕೊಳ್ಳುವ ಮದ್ದಿನಲ್ಲಿ ಇವು ಇದ್ದರೆ, ವೈದ್ಯರ ನಿಗಾದಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಲೇಬಲ್ಲಿನ ಮೇಲೆ ಇರಲೇಬೇಕು. ಎಕ್ಕೆ, ದತ್ತೂರಿ ನಮ್ಮ ಹೊಲದ ಬದುವಿನ ಮೇಲೇ ಬೆಳೆಯುತ್ತವೆ. ಅವುಗಳ ಶೋಧನೆ (ವಿಷ ಕಳೆಯುವ ಸಂಸ್ಕಾರ) ಹೇಗೆ, ಪ್ರಮಾಣ ಎಷ್ಟು ಎಂಬುದನ್ನು ರಸಶಾಸ್ತ್ರ, ಭೈಷಜ್ಯಕಲ್ಪನೆ, ಅಗದತಂತ್ರ ಎಂಬ ವಿಷಯಗಳಲ್ಲಿ ಕ್ರಮವಾಗಿ ಕಲಿಯಬೇಕು.

ಇನ್ನೊಂದು ಮಾತು. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅದರ ವಿಸ್ತಾರ 244 ಚದರ ಕಿಲೋಮೀಟರಿಗೂ ಮೇಲು. ಗಣಿಗಾರಿಕೆಯಿಂದ ಅದನ್ನು ಉಳಿಸಲು ಈ ಜಿಲ್ಲೆಯ ಜನ, ಮಠಗಳು ವರ್ಷಗಟ್ಟಲೆ ಹೋರಾಡಿವೆ. ಅನುಮತಿಯಿಲ್ಲದೆ ಅಲ್ಲಿನ ಮೂಲಿಕೆ ಕಿತ್ತು ತರುವುದು ಅಪರಾಧ. ಔಷಧಿ ಗಿಡ ಬೇಕಾದವರು ಹಿತ್ತಲಲ್ಲಿ, ಹೊಲದಲ್ಲಿ ಬೆಳೆಸಬೇಕು.

"ನಮ್ಮದು ವಂಶಪಾರಂಪರ್ಯ, ನಮಗ ಸರ್ಟಿಫಿಕೇಟ್ ಯಾಕ?"

ಕರ್ನಾಟಕದಲ್ಲಿ ಆಯುರ್ವೇದ ವೈದ್ಯ ವೃತ್ತಿಯನ್ನು ನಡೆಸುವವರ ನೋಂದಣಿಗೆ 1961ರಷ್ಟು ಹಿಂದೆಯೇ ಕಾಯ್ದೆ ಬಂದಿದೆ. ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯಲ್ಲಿ ಹೆಸರಿರಬೇಕು. ಖಾಸಗಿ ದವಾಖಾನೆ ತೆರೆದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಅದರ ನೋಂದಣಿಯೂ ಬೇಕು. ತಲೆಮಾರಿನಿಂದ ಬಂದ ವಿದ್ಯೆಯೇ ಸಾಕು, ಪದವಿ ಬೇಡ ಎಂದು ಕೇರಳದ ಪಾರಂಪರಿಕ ವೈದ್ಯರು ಸುಪ್ರೀಂ ಕೋರ್ಟಿನವರೆಗೆ ಹೋದರು. 2018ರ ಏಪ್ರಿಲ್‌ನಲ್ಲಿ ಬಂದ ತೀರ್ಪು, ಅರ್ಹತೆಯಿಲ್ಲದವರು ವೃತ್ತಿ ನಡೆಸಲು ಬಿಡಲಾಗದು ಎಂದಿತು. 1970ರ ಕೇಂದ್ರ ಕಾಯ್ದೆ ಬಂದಾಗ ಆಗಲೇ ವೃತ್ತಿಯಲ್ಲಿದ್ದವರಿಗೆ ಸ್ವಲ್ಪ ರಿಯಾಯಿತಿ ಇತ್ತು. ಅದು ಆ ತಲೆಮಾರಿಗೆ ಮುಗಿದ ಮಾತು, ಮಕ್ಕಳಿಗೆ ಆಸ್ತಿಯಂತೆ ಬರುವುದಿಲ್ಲ.

ಹಳ್ಳಿ ಕಡೆ ಇವತ್ತಿಗೂ ಕಾಣುವ 'ವೈದ್ಯ ವಿಶಾರದ', 'ಆಯುರ್ವೇದ ರತ್ನ' ಎಂಬ ಪ್ರಮಾಣಪತ್ರಗಳ ವಿಷಯವೂ ತಿಳಿದಿರಲಿ. ಅಲಹಾಬಾದಿನ ಹಿಂದಿ ಸಾಹಿತ್ಯ ಸಮ್ಮೇಲನ ಕೊಡುತ್ತಿದ್ದ ಈ ಪದವಿಗಳಿಗೆ 1967ರವರೆಗೆ ಮಾತ್ರ ಮಾನ್ಯತೆ ಇತ್ತು. ಆಮೇಲಿನವು ನಡೆಯುವುದಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಆರು ತಿಂಗಳ ಅಂಚೆ ಕೋರ್ಸು, ಆನ್‌ಲೈನ್ ಡಿಪ್ಲೊಮಾಗಳಿಂದಲೂ ಯಾರೂ ವೈದ್ಯರಾಗುವುದಿಲ್ಲ. ಪಂಚಕರ್ಮದ ಅಲ್ಪಾವಧಿ ತರಬೇತಿ ಪಡೆದವರು ವೈದ್ಯರ ಕೈಕೆಳಗೆ ಸಹಾಯಕರಾಗಿ ದುಡಿಯಬಹುದು. ಅದು ಗೌರವದ ದುಡಿಮೆಯೇ. ಆದರೆ ಹೆಸರಿನ ಮುಂದೆ 'ಡಾ.' ಬರೆದುಕೊಂಡು ರೋಗಿಗೆ ಔಷಧಿ ಬರೆಯುವ ಹಕ್ಕು ಅದರಿಂದ ಬರುವುದಿಲ್ಲ. ಹೊಲ ಅಡವಿಟ್ಟು ಇಂಥ ಕಾಗದಕ್ಕೆ ಹಣ ಸುರಿಯುವ ಮನೆಗಳಿವೆ ಎಂಬುದೇ ನನ್ನ ಸಂಕಟ.

ಹಾಗಾದರೆ ನಾಟಿ ವೈದ್ಯರಿಗೆ ಮರ್ಯಾದೆಯೇ ಇಲ್ಲವೇ? ಇರಬೇಕು. ಪಾರಂಪರಿಕ ಆರೋಗ್ಯ ಸೇವಕರ ತಿಳಿವಳಿಕೆಯನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಸ್ವಯಂಪ್ರೇರಿತ ಯೋಜನೆಯೊಂದನ್ನು ಭಾರತೀಯ ಗುಣಮಟ್ಟ ಮಂಡಳಿ ರೂಪಿಸಿದೆ. ಬೆಂಗಳೂರಿನಲ್ಲಿ 1993ರಲ್ಲಿ ಶುರುವಾದ, ಎಫ್‌ಆರ್‌ಎಲ್‌ಎಚ್‌ಟಿ ಎಂದು ಹೆಸರಾದ ಸಂಸ್ಥೆ ಇಂಥ ತಿಳಿವಳಿಕೆಯನ್ನು ದಾಖಲಿಸುವ ಕೆಲಸ ಮಾಡಿದೆ. ಗುಣಮಟ್ಟ ಮಂಡಳಿಯ ಆ ಪ್ರಮಾಣಪತ್ರ ಅನುಭವಕ್ಕೆ ಸಿಕ್ಕ ಮನ್ನಣೆ. ಅದನ್ನು ವೈದ್ಯ ವೃತ್ತಿಯ ಪರವಾನಗಿ ಎಂದು ತಿಳಿಯಬಾರದು.

"ನೀಟ್ ಬ್ಯಾಡ, ಮೂರು ವರ್ಷದಾಗ ಮುಗೀತದ"

ಆಯುರ್ವೇದ ಪದವಿಯಾದ ಬಿಎಎಂಎಸ್ ಸೇರಲು ನೀಟ್ ಬೇಕೇ ಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಈ ಮೂರರಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ. 40 ಅಂಕ ಬೇಕು. ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ರಾಜ್ಯದಲ್ಲಿ ಸೀಟು ಹಂಚಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುತ್ತದೆ. ಬಿಎಎಂಎಸ್ ಓದು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಅಂದರೆ ಒಟ್ಟು ಐದೂವರೆ ವರ್ಷ. ಎಂಬಿಬಿಎಸ್‌ಗೂ ಹಿಡಿಯುವುದು ಅಷ್ಟೇ ಕಾಲ. ಮುಂದೆ ಎಂಡಿ ಅಥವಾ ಎಂಎಸ್ ಮಾಡುವವರು ಇನ್ನೊಂದು ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆದು ಮತ್ತೆ ಮೂರು ವರ್ಷ ಓದಬೇಕು.

ಕೊರ್ಲಹಳ್ಳಿಯವರು ಇದಕ್ಕಾಗಿ ದೂರ ಹೋಗಬೇಕೆಂದೂ ಇಲ್ಲ. ಗದಗಿನಲ್ಲೇ ಡಿ.ಜಿ. ಮೇಲ್ಮಾಳಗಿ ಆಯುರ್ವೇದ ಕಾಲೇಜಿದೆ, ಕೊಪ್ಪಳದಲ್ಲಿ ಗವಿಸಿದ್ಧೇಶ್ವರರ ಹೆಸರಿನ ಕಾಲೇಜಿದೆ. ಬಳ್ಳಾರಿಯ ಸರಕಾರಿ ಕಾಲೇಜಿಗೆ ಪಂಡಿತ ತಾರಾನಾಥರ ಹೆಸರು. ಇದೇ ತುಂಗಭದ್ರೆಯ ಕೆಳದಂಡೆಯಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದ ವೈದ್ಯ ಅವರು.

"ಹಳೇ ಶ್ಲೋಕ ಬಾಯಿಪಾಠ ಮಾಡೂದು, ಅಷ್ಟ"

ಮೊದಲ ವರ್ಷವೇ ಹುಡುಗರು ಶವಚ್ಛೇದನದ ಮೇಜಿನ ಮುಂದೆ ನಿಲ್ಲುತ್ತಾರೆ. ರಚನಾಶಾರೀರ ಎಂಬ ವಿಷಯದಲ್ಲಿ ದೇಹದ ರಚನೆ, ಕ್ರಿಯಾಶಾರೀರದಲ್ಲಿ ಅದರ ಕೆಲಸ. ಶವಚ್ಛೇದನವನ್ನು ಯಾರೋ ಹೊರಗಿನಿಂದ ತಂದು ಸೇರಿಸಿದರು ಎಂದುಕೊಳ್ಳುವುದು ಇನ್ನೊಂದು ತಪ್ಪು ಕಲ್ಪನೆ. ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಲ್ಲಿ ಏಳು ದಿನ ಮುಳುಗಿಸಿ, ಆಮೇಲೆ ಪದರ ಪದರವಾಗಿ ಉಜ್ಜಿ ಬಿಡಿಸಿ ಕಣ್ಣಾರೆ ನೋಡಬೇಕು ಎಂದು ಸುಶ್ರುತ ಸಂಹಿತೆಯೇ ವಿಧಿಸುತ್ತದೆ. ಶಸ್ತ್ರ ಹಿಡಿಯುವ ಮುನ್ನ ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನು, ತಾವರೆ ದಂಟಿನ ಮೇಲೆ ನರ ಚುಚ್ಚುವುದನ್ನು ಅಭ್ಯಾಸ ಮಾಡಿಸಬೇಕು ಎಂದೂ ಅದರಲ್ಲಿದೆ. ಕೈಯಾರೆ ಮಾಡಿ ಕಲಿಯದವನನ್ನು ವೈದ್ಯನೆಂದು ಆ ಗ್ರಂಥ ಒಪ್ಪುವುದಿಲ್ಲ. ಈಗಿನ ಪಠ್ಯದಲ್ಲಿ ಸಂಹಿತೆಗಳ ಜೊತೆಗೆ ಪ್ರಸೂತಿ, ಮಕ್ಕಳ ರೋಗ, ತುರ್ತು ಚಿಕಿತ್ಸೆ, ಸಂಶೋಧನಾ ವಿಧಾನಗಳೂ ಇವೆ.

ಸಂಸ್ಕೃತ ಬಾರದವರಿಗೆ ಇದು ಆಗದು ಎಂಬ ಅಂಜಿಕೆ ನಮ್ಮ ಹಳ್ಳಿ ಮಕ್ಕಳಲ್ಲಿ ಹೆಚ್ಚು. ಸಂಸ್ಕೃತ ಮೊದಲ ವರ್ಷದ ಒಂದು ವಿಷಯ, ಅಲ್ಲಿಯೇ ಬುಡದಿಂದ ಕಲಿಸುತ್ತಾರೆ. ವೈದ್ಯಶಾಸ್ತ್ರ ಕನ್ನಡಕ್ಕೆ ಹೊಸದೂ ಅಲ್ಲ. ಲಕ್ಕುಂಡಿಯ ಗುಡಿಗಳೆದ್ದ ಕಾಲದ ಕಲ್ಯಾಣ ಚಾಲುಕ್ಯರ ಮನೆತನದ ಕೀರ್ತಿವರ್ಮ ದನಕರುಗಳ ಚಿಕಿತ್ಸೆಯ ಬಗ್ಗೆ 'ಗೋವೈದ್ಯ'ವನ್ನು ಕನ್ನಡದಲ್ಲೇ ಬರೆದ. ಜಗದ್ದಳ ಸೋಮನಾಥ 'ಕರ್ಣಾಟಕ ಕಲ್ಯಾಣಕಾರಕ' ಕೊಟ್ಟ. 14ನೇ ಶತಮಾನದ ಮಂಗರಾಜ ವಿಷವೈದ್ಯದ ಮೇಲೆ 'ಖಗೇಂದ್ರಮಣಿದರ್ಪಣ' ರಚಿಸಿದ. (ಹಾಗೆಂದು ಹಾವು ಕಚ್ಚಿದಾಗ ಹಳೆಯ ಮದ್ದು ಹುಡುಕುತ್ತ ಕೂಡಬೇಡಿ. ನೇರ ಸರಕಾರಿ ಆಸ್ಪತ್ರೆಗೆ ಓಡಿ, ಪ್ರತಿವಿಷದ ಇಂಜೆಕ್ಷನ್ ಒಂದೇ ದಾರಿ.) ಮೈಸೂರಿನಲ್ಲಿ 1908ರಲ್ಲೇ ಆಯುರ್ವೇದ ಕಾಲೇಜು ಶುರುವಾಗಿತ್ತು.

"ಬಿಎಎಂಎಸ್ ಆದ್ರ ಇಂಜೆಕ್ಷನ್, ಆಪರೇಷನ್ ಎಲ್ಲಾ ಮಾಡಬಹುದು"

ಇಂಗ್ಲಿಷ್ ಔಷಧಿ ಬರೆಯುವ ಅವಕಾಶ ಆಯಾ ರಾಜ್ಯದ ಕಾನೂನು ಬಿಟ್ಟುಕೊಟ್ಟಷ್ಟಕ್ಕೆ ಮಾತ್ರ ಎಂದು 1998ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಶಸ್ತ್ರಚಿಕಿತ್ಸೆಯ ಬಗ್ಗೆ 2020ರ ನವೆಂಬರ್‌ನಲ್ಲಿ ಹೊರಟ ಅಧಿಸೂಚನೆ 58 ಬಗೆಗಳನ್ನು ಹೆಸರಿಸಿತು. ಅದು ಶಲ್ಯ (ಶಸ್ತ್ರಚಿಕಿತ್ಸೆ) ಮತ್ತು ಶಾಲಾಕ್ಯ (ಕಣ್ಣು, ಕಿವಿ, ಮೂಗು, ಗಂಟಲು) ವಿಭಾಗಗಳಲ್ಲಿ ಸ್ನಾತಕೋತ್ತರ ಓದುವವರ ತರಬೇತಿಗೆ ಸಂಬಂಧಿಸಿದ್ದು. ಬರೀ ಬಿಎಎಂಎಸ್ ಮುಗಿಸಿದವರಿಗೆ ಅನ್ವಯಿಸುವುದಿಲ್ಲ. ಆಯುರ್ವೇದ ಓದಿ ಅಲೋಪಥಿ ಮಾಡುವ ಲೆಕ್ಕದಲ್ಲಿ ಸೇರುವ ಮಕ್ಕಳಿಗೆ ಇದನ್ನು ಮೊದಲೇ ಹೇಳಬೇಕು. ಈ ಓದು ಆಯುರ್ವೇದದಲ್ಲಿ ನಂಬಿಕೆ ಇದ್ದವರಿಗೆ, ಅದನ್ನು ಪರೀಕ್ಷಿಸಿ ನೋಡುವ ಮನಸ್ಸಿದ್ದವರಿಗೆ.

ಮಕ್ಕಳನ್ನು ಈ ದಾರಿಗೆ ಕಳಿಸುವ ತಂದೆತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟೇ. 2020ರ ಕಾಯ್ದೆಯಂತೆ ರಚನೆಯಾದ ಭಾರತೀಯ ವೈದ್ಯ ಪದ್ಧತಿಯ ರಾಷ್ಟ್ರೀಯ ಆಯೋಗ, ಯಾವ ಕಾಲೇಜಿಗೆ ಎಷ್ಟು ಸೀಟಿಗೆ ಅನುಮತಿ ಇದೆ ಎಂಬುದನ್ನು ಪ್ರಕಟಿಸುತ್ತದೆ. ಫೀ ಕಟ್ಟುವ ಮೊದಲು ಆ ವರ್ಷದ ಪಟ್ಟಿಯಲ್ಲಿ ಕಾಲೇಜಿನ ಹೆಸರು ನೋಡಿ. ಅದಕ್ಕೆ ಸೇರಿದ ಆಸ್ಪತ್ರೆಗೆ ಒಂದು ದಿನ ಹೋಗಿ, ಹೊರರೋಗಿಗಳು ನಿಜವಾಗಿ ಬರುತ್ತಾರೆಯೇ, ಹಾಸಿಗೆಗಳ ಮೇಲೆ ರೋಗಿಗಳಿದ್ದಾರೆಯೇ ಎಂದು ಕಣ್ಣಾರೆ ಕಂಡು ಬನ್ನಿ. ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ವೈದ್ಯರು ತಯಾರಾಗುವುದಿಲ್ಲ.