ನವೀಕರಣದ ಬಳಿಕ ಮರೆಯಾಗುವ ಲಾಗಿನ್ ಪರದೆ

ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಪಾಸ್‌ವರ್ಡ್ ಕೇಳುವ ಪರದೆಯನ್ನು ಮೂಡಿಸುವುದು ಡಿಸ್‌ಪ್ಲೇ ಮ್ಯಾನೇಜರ್ ಎಂಬ ಪ್ರತ್ಯೇಕ ತಂತ್ರಾಂಶವಾಗಿದ್ದು, 2017ರ 17.10 ಆವೃತ್ತಿಯಿಂದ ಈ ಹೊಣೆ ಜಿಡಿಎಂನದಾಗಿದೆ. ನವೀಕರಣದ ಬಳಿಕ ಪರದೆ ಕಪ್ಪಾಗಿಯೇ ಉಳಿದರೆ ಇಡೀ ವ್ಯವಸ್ಥೆಯೇ ಕೆಟ್ಟಿತೆಂದು ಮರುಸ್ಥಾಪನೆಗೆ ಕೈಹಾಕುವುದು ಅವಸರದ ಕ್ರಮ. ಏಕೆಂದರೆ ಅನೇಕ ವೇಳೆ ಕರ್ನಲ್, ಅಂದರೆ ಯಂತ್ರಾಂಶವನ್ನು ನಿಯಂತ್ರಿಸುವ ತಿರುಳು, ಹೊಸದಾಗಿದ್ದು ಅದಕ್ಕೆ ಹೊಂದುವ ಗ್ರಾಫಿಕ್ಸ್ ಡ್ರೈವರ್ ಮಾತ್ರ ಸಿದ್ಧವಾಗಿರುವುದಿಲ್ಲ. ಗಣಕ ಆರಂಭವಾಗುವಾಗ ತೆರೆಯಬಹುದಾದ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲನ್ನು ಆರಿಸಿದಾಗ ಪರದೆ ಮರಳಿದರೆ, ದೋಷ ಬಹುಮಟ್ಟಿಗೆ ಈ ಹೊಂದಾಣಿಕೆಯಲ್ಲಿಯೇ ಇದೆ. ಪರದೆ ಮೂಡಿದರೂ, ಸರಿಯಾದ ಪಾಸ್‌ವರ್ಡ್ ಕೊಟ್ಟ ಮೇಲೂ ಮತ್ತೆ ಅದೇ ಪರದೆ ಬರುತ್ತಿದ್ದರೆ, ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ, ಅಕ್ಷರಗಳಷ್ಟೇ ಕಾಣುವ ಕನ್ಸೋಲ್ ಪ್ರವೇಶಿಸಿ, ಡಿಸ್ಕ್ ಪೂರ್ತಿ ತುಂಬಿದೆಯೇ ಎಂಬ ತೀರ ಸಾಮಾನ್ಯವೆನಿಸುವ ಕಾರಣವನ್ನೇ ಮೊದಲು ಡಿಎಫ್ ಆಜ್ಞೆಯಿಂದ ಪರೀಕ್ಷಿಸುವುದು ಲೇಸು.